ಅಗೆಲಿನ ಋಣ

ಜೀವವನ್ನು ತೆಗೆದು ಸಿದ್ಧಪಡಿಸಿದ ಅಡುಗೆಯು ದೈವಕ್ಕೆ ಸಲ್ಲತಕ್ಕದ್ದೆ, ಸಲ್ಲುವುದಾದರೆ ಯಾವ ಬಲದಿಂದ ಅದು ಪವಿತ್ರವಾಗುವುದು ಎಂಬ ಪ್ರಶ್ನೆಗೆ ಕಾಸರಗೋಡಿನ ಸೀಮೆಯು ಬಹುಕಾಲದಿಂದ ಬೇರೆಬೇರೆ ಉತ್ತರಗಳನ್ನು ಕೊಡುತ್ತ ಬಂದಿದೆ. 13ನೆಯ ಶತಮಾನದಲ್ಲಿ ಕುಂಬಳೆಯ ಅರಸನಾದ ಜಯಸಿಂಹನ ಆದರಕ್ಕೆ ಪಾತ್ರರಾಗಿ, ಈ ನೆಲದಲ್ಲಿಯೇ ತ್ರಿವಿಕ್ರಮ ಪಂಡಿತಾಚಾರ್ಯರನ್ನು ವಾದದಲ್ಲಿ ಗೆದ್ದ ಮಧ್ವಾಚಾರ್ಯರ ಪರಂಪರೆಯು ಯಜ್ಞಪಶುವಿನ ಸ್ಥಾನದಲ್ಲಿ ಹಿಟ್ಟಿನ ಪಿಷ್ಟಪಶುವನ್ನು ಇರಿಸಿತು. ಅದೇ ಸೀಮೆಯ ತುಳುವರ ಮನೆಗಳು ಕೊರಗಜ್ಜ, ಕಲ್ಲುರ್ಟಿ ಎಂಬ ದೈವಗಳಿಗೆ ಹರಕೆ ಹೊತ್ತು ಕೋಳಿಯ ಅಗೆಲನ್ನು, ಎಂದರೆ ದೈವಕ್ಕೆ ಎಲೆಯಲ್ಲಿ ಅರ್ಪಿಸುವ ಊಟವನ್ನು, ಬಡಿಸುತ್ತವೆ. ಬೇಳದ ಇಗರ್ಜಿಯ ಸುತ್ತಿನ ಕ್ರೈಸ್ತ ಕುಟುಂಬಗಳಿಗೆ ಈಸ್ಟರ್ ಹಬ್ಬಕ್ಕೆ ಮುಂಚಿನ ತಪಸ್ಸುಕಾಲದ ಶುಕ್ರವಾರಗಳಂದು ಮಾಂಸವು ವರ್ಜ್ಯ.

ಅಗೆಲಿನ ಅಡುಗೆಯಲ್ಲಿ ಅವಸರಕ್ಕೆ ಎಡೆಯಿಲ್ಲ. ಒಣಮೆಣಸು, ಕೊತ್ತಂಬರಿ, ಜೀರಿಗೆ, ಮೆಂತೆಗಳನ್ನು ಹದವರಿತು ಹುರಿದು, ತೆಂಗಿನಕಾಯಿಯೊಡನೆ ನುಣ್ಣಗೆ ಅರೆದು, ಗಟ್ಟಿಯಾದ ಊರಕೋಳಿಯ ಮಾಂಸವು ಮೆತ್ತಗಾಗುವ ತನಕ ಸೌದೆಯ ಒಲೆಯ ಸಣ್ಣ ಉರಿಯಲ್ಲಿ ಕುದಿಸಿದ ಸಾರನ್ನು, ಬಾಳೆಯೆಲೆಯ ಮೇಲೆ ಕುಚ್ಚಲಕ್ಕಿಯ ಅನ್ನದೊಡನೆ ಮೊದಲು ದೈವಕ್ಕೆ ಬಡಿಸಿ, ಕೈಮುಗಿದು ನಿಂತು, ಬಳಿಕವೇ ಮನೆಯವರೂ ನೆರೆಯವರೂ ಪ್ರಸಾದವೆಂದು ಉಣ್ಣುವರು. ಇಂಥ ತಾಳ್ಮೆಯ ಅಡುಗೆ ಬೇರೆಡೆಯೂ ಉಂಟು: ಇಟಲಿಯ ಬೊಲೊನ್ಯ ನಗರದವರೂ ಮಾಂಸವನ್ನು ಈರುಳ್ಳಿ, ಗಜ್ಜರಿ, ದ್ರಾಕ್ಷಾಮದ್ಯಗಳೊಡನೆ ಗಂಟೆಗಟ್ಟಲೆ ಮಂದಾಗ್ನಿಯಲ್ಲಿ ಬೇಯಿಸಿ, ರಾಗೂ ಎಂಬ ಆ ವ್ಯಂಜನವನ್ನು ಪಾಸ್ತಾದೊಡನೆ ಉಣ್ಣುವರು. ಅದರ ಪಾಕಕ್ರಮವನ್ನು 1982ರಲ್ಲಿ ಅಲ್ಲಿಯ ವಾಣಿಜ್ಯ ಮಂಡಲಿಯಲ್ಲಿ ದಾಖಲೆಯಾಗಿ ಇರಿಸಲಾಯಿತು. ಸಾಮಗ್ರಿಯ ಪ್ರಮಾಣವನ್ನೂ ಬೇಯುವ ಅವಧಿಯನ್ನೂ ಹೀಗೆ ಬರೆದಿಡಬಹುದು. ಉಣ್ಣುವವನ ಭಾವವನ್ನು ಯಾವ ದಾಖಲೆಯೂ ಹಿಡಿದಿಡಲಾರದು.

ನಾಲಗೆಯ ಚಾಪಲ್ಯಕ್ಕೆ ದೈವದ ಹೆಸರನ್ನು ಮರೆಯಾಗಿ ಒಡ್ಡುವುದಲ್ಲವೆ ಈ ಅಗೆಲು ಎಂದು ಕೇಳುವವರುಂಟು. ಆ ಆಕ್ಷೇಪವನ್ನು ಲಘುವಾಗಿ ಕಾಣಲಾಗದು. ಅರ್ಪಣೆಯಿಂದ ಹಿಂಸೆಯು ಅಳಿಯುವುದಿಲ್ಲವೆಂಬುದನ್ನು ಒಪ್ಪಲೇಬೇಕು. ಆದರೆ ಕೊಂದ ಜೀವವು ತನ್ನ ಸ್ವತ್ತೆಂಬ ಅಹಂಕಾರವನ್ನು ಅರ್ಪಣೆಯು ಮುರಿಯುತ್ತದೆ. ಒಲೆಯ ಮುಂದೆ ಕಾದ ದೀರ್ಘಕಾಲವೂ, ಮತ್ತೊಬ್ಬನಿಗೆ ಬಡಿಸುವ ತನಕ ತನ್ನ ಹಸಿವನ್ನು ತಡೆದ ಸಂಯಮವೂ ಉಣ್ಣುವವನಿಗೆ ತಾನು ಋಣಿಯೆಂಬುದನ್ನು ಮರೆಯಗೊಡುವುದಿಲ್ಲ. ಹಿಟ್ಟಿನ ಪಶುವನ್ನು ಅರ್ಪಿಸುವವನೂ, ಶುಕ್ರವಾರದಂದು ಮಾಂಸವನ್ನು ತೊರೆಯುವವನೂ ಬೇರೆ ದಾರಿಯಿಂದ ಈ ಋಣವನ್ನೇ ಅಂಗೀಕರಿಸುತ್ತಾರೆ. ಆದುದರಿಂದ ಮೂರು ಮಾರ್ಗಗಳಲ್ಲಿ ಒಂದು ಶುದ್ಧ, ಉಳಿದವು ಮಲಿನವೆಂದು ತೀರ್ಪುಕೊಡುವುದು ವಿವೇಕವಲ್ಲ. ಜೀವದ ಬೆಲೆಯನ್ನು ಮರೆತು ಉಂಡ ಅನ್ನವೇ ನಿಜವಾಗಿ ಅಶುದ್ಧವಾದುದು. ಮಾಂಸವನ್ನು ಉಣ್ಣುವವರು ಮೊದಲು ಇತರರಿಗೆ ಬಡಿಸಿ ಉಣ್ಣಲಿ. ಬಿಟ್ಟವರು, ಬಿಟ್ಟೆವೆಂಬ ಹೆಮ್ಮೆಯನ್ನೂ ಬಿಡಲಿ.