ಪೀಕಿಂಗ್ ಎಂದರೆ ತಪ್ಪೇ?

ಹಳೆಯ ಕನ್ನಡ ಪುಸ್ತಕಗಳಲ್ಲಿ ಚೀನಾದ ರಾಜಧಾನಿಯ ಹೆಸರು ‘ಪೀಕಿಂಗ್’. ಇಂದಿನ ಪತ್ರಿಕೆಗಳಲ್ಲಿ ಅದು ‘ಬೀಜಿಂಗ್’. ಮೊದಲನೆಯದು ಹೊರಗಿನವರು ಕೆಡಿಸಿದ್ದು, ಎರಡನೆಯದು ಆ ಊರಿನ ಸ್ವಂತ ಹೆಸರು ಎಂದು ನಾವು ನಂಬಿದ್ದೇವೆ. ಒಬ್ಬರನ್ನು ಅವರ ಸ್ವಂತ ಹೆಸರಿನಿಂದ ಕರೆಯುವುದು ಮರ್ಯಾದೆ, ನಿಜ. ಆದರೆ ಸ್ವಂತ ಹೆಸರು ಯಾವುದು?

1368ರಲ್ಲಿ ಮಿಂಗ್ ಅರಸರು ಆ ಊರನ್ನು ‘ಬೇಪಿಂಗ್’ ಎಂದರು. ಅರ್ಥ, ಉತ್ತರದ ಶಾಂತಿ. 1403ರಲ್ಲಿ ಯೋಂಗ್ಲೆ ಚಕ್ರವರ್ತಿ ‘ಉತ್ತರದ ರಾಜಧಾನಿ’ ಎಂಬರ್ಥದ ಈಗಿನ ಹೆಸರಿಟ್ಟ. 1928ರಲ್ಲಿ ರಾಜಧಾನಿ ನಾನ್‌ಜಿಂಗ್‌ಗೆ ಹೋದಾಗ ಮತ್ತೆ ಬೇಪಿಂಗ್ ಆಯಿತು. 1949ರಲ್ಲಿ ಕಮ್ಯುನಿಸ್ಟರು ಅದನ್ನೇ ರಾಜಧಾನಿ ಮಾಡಿಕೊಂಡಾಗ ಹಳೆಯ ಹೆಸರು ಮರಳಿತು. ಆಳುವವರು ಬದಲಾದಂತೆ ಹೆಸರೂ ಬದಲಾಗಿದೆ.

ಇನ್ನು ಉಚ್ಚಾರ. ‘ಪೀಕಿಂಗ್’ನಲ್ಲಿರುವ ‘ಕ’ ಕಿವಿಯ ತಪ್ಪಲ್ಲ. ಉತ್ತರ ಚೀನಾದ ಮಾತಿನಲ್ಲಿ ಹಿಂದೆ ಅಲ್ಲಿ ‘ಕ’ ಇತ್ತು, ಕಾಲಕ್ರಮದಲ್ಲಿ ಬದಲಾಯಿತು. ದಕ್ಷಿಣದ ಕ್ಯಾಂಟನೀಸ್ ಮಾತಿನಲ್ಲಿ ಇಂದಿಗೂ ‘ಕ’ ಉಳಿದಿದೆ. ಹಳಗನ್ನಡದ ‘ಪಾಲ್’ ಹೊಸಗನ್ನಡದಲ್ಲಿ ‘ಹಾಲು’ ಆಯಿತಲ್ಲ, ಹಾಗೆ. ‘ಪಾಲ್’ ಹಳೆಯದು, ತಪ್ಪಲ್ಲ.

‘ಬೀಜಿಂಗ್’ನ ಕತೆ ಇನ್ನೂ ಸೋಜಿಗದ್ದು. ಚೀನಾ 1958ರಲ್ಲಿ ಪಿನ್‌ಯಿನ್ ಎಂಬ ರೋಮನ್ ಬರಹ ಪದ್ಧತಿಯನ್ನು ಒಪ್ಪಿಕೊಂಡಿತು. ಅದರಲ್ಲಿ ‘ಬಿ’ ಅಕ್ಷರ ಸೂಚಿಸುವುದು ನಮ್ಮ ‘ಪ’ಕಾರವನ್ನು, ‘ಪಿ’ ಅಕ್ಷರ ‘ಫಲ’ದ ಮಹಾಪ್ರಾಣವನ್ನು. ‘ಜೆ’ ಅಕ್ಷರದ ಉಚ್ಚಾರವೂ ನಮ್ಮ ‘ಚ’ಕಾರಕ್ಕೇ ಹತ್ತಿರ. ಹಾಗಾಗಿ ಆ ಊರಿನವರು ಹೇಳುವುದು ಹೆಚ್ಚುಕಡಿಮೆ ‘ಪೇಯ್‌ಚಿಂಗ್’. ಅಲ್ಪಪ್ರಾಣ ಮಹಾಪ್ರಾಣಗಳ ವ್ಯತ್ಯಾಸ ನಮ್ಮ ವರ್ಣಮಾಲೆಯಲ್ಲೇ ಇದ್ದರೂ ನಾವು ಇಂಗ್ಲಿಷ್ ಕಣ್ಣಿನಿಂದ ಓದಿ ‘ಬೀಜಿಂಗ್’ ಎಂದು ಬರೆದೆವು. ತಪ್ಪೆಂದು ಕೈಬಿಟ್ಟ ‘ಪೀಕಿಂಗ್’ನ ಮೊದಲ ಅಕ್ಷರವೇ ಸರಿಯಾಗಿತ್ತು!

ಪತ್ರಿಕೆಗಳು ನಾಳೆಯಿಂದ ‘ಪೇಯ್‌ಚಿಂಗ್’ ಎಂದು ಬರೆಯಲಿ ಎಂಬ ಹಟ ನನ್ನದಲ್ಲ. ರೂಢಿಗೂ ಒಂದು ಹಕ್ಕಿದೆ. ನನ್ನ ತಕರಾರು, ತಿದ್ದಿಕೊಂಡೆವು ಎಂಬ ನಮ್ಮ ಸಮಾಧಾನದ ಬಗ್ಗೆ. ಕಾಗುಣಿತ ಬದಲಿಸಿದ ಮಾತ್ರಕ್ಕೆ ಇನ್ನೊಬ್ಬರಿಗೆ ಸಲ್ಲಬೇಕಾದ ಗೌರವ ಸಂದುಹೋಗುತ್ತದೆಯೇ? ಹಳೆಯ ಹೆಸರು ಬಳಸಿದವರನ್ನು ದಡ್ಡರೆಂದು ನಗುವ ಹಕ್ಕು ಸಿಗುತ್ತದೆಯೇ?

ವಿದೇಶದ ಕಚೇರಿಯಲ್ಲಿ ‘ಕ್ಯೂ’ ಅಥವಾ ‘ಎಕ್ಸ್’ ಅಕ್ಷರದಿಂದ ಶುರುವಾಗುವ ಹೆಸರಿನ ಚೀನೀ ಸಹೋದ್ಯೋಗಿ ಎದುರಾದಾಗ ನಮ್ಮಲ್ಲಿ ಹಲವರು ತಡವರಿಸುತ್ತೇವೆ. ಆಗ ಅಕ್ಷರ ನೋಡಿ ಊಹಿಸುವುದಕ್ಕಿಂತ, “ನಿಮ್ಮ ಮನೆಯಲ್ಲಿ ನಿಮ್ಮನ್ನು ಹೇಗೆ ಕರೆಯುತ್ತಾರೆ?” ಎಂದು ಕೇಳುವುದು ಒಳ್ಳೆಯದು. ಆಮೇಲೂ ನಮ್ಮ ನಾಲಗೆ ತಪ್ಪಬಹುದು. ಕೇಳಿಸಿಕೊಂಡು ತಪ್ಪುವುದಕ್ಕೂ ಕೇಳದೆಯೇ ಸರಿ ಎಂದುಕೊಳ್ಳುವುದಕ್ಕೂ ಬಹಳ ಅಂತರವಿದೆ.