ದಯೆಯೂ ದಾಖಲೆಯೂ

ದಯೆಯುಳ್ಳವನು ಇನ್ನೊಬ್ಬನ ದೋಷವನ್ನು ಬರೆದಿಡಬಹುದೆ? ಬರೆದರೆ ದಯೆಗೆ ಕುಂದು. ಬರೆಯದೆ ಬಿಟ್ಟರೆ ಸತ್ಯಕ್ಕೆ ಕುಂದು. ಮಕ್ಕಳ ತಪ್ಪನ್ನು ಸೆರಗಿನಲ್ಲಿ ಮುಚ್ಚುವ ತಾಯಂದಿರಿಗೂ, ಗುಮಾಸ್ತನ ತಪ್ಪನ್ನು ಕಂಡೂ ಕಾಣದಂತಿರುವ ಸಾಹುಕಾರರಿಗೂ ಈ ಇಕ್ಕಟ್ಟು ಆಗಾಗ ಒದಗುತ್ತದೆ. ಆದರೆ ಇದನ್ನೇ ನಿತ್ಯದ ಕಾಯಕವಾಗಿ ಹೊತ್ತವರೂ ಉಂಟು. ಅಮೆರಿಕಾ ಸಂಯುಕ್ತ ಸಂಸ್ಥಾನಗಳ ಸೆರೆಮನೆಗಳಲ್ಲಿ ಕೇಸ್ ಮ್ಯಾನೇಜರ್ ಎಂದೂ, ಮೇರಿಲ್ಯಾಂಡ್ ಸಂಸ್ಥಾನದಲ್ಲಿ ಕೇಸ್ ಮ್ಯಾನೇಜ್‌ಮೆಂಟ್ ಸ್ಪೆಷಲಿಸ್ಟ್ ಎಂದೂ ಕರೆಯಲ್ಪಡುವ ಅಧಿಕಾರಿಗಳು ಅಂತಹವರು. ಅವರ ಕೆಲಸವನ್ನು ತುಸು ವಿವರವಾಗಿ ನೋಡಿದಲ್ಲಿ ಪ್ರಶ್ನೆಯ ಆಳ ತಿಳಿದೀತು.

ಇವರು ಕಾವಲುಗಾರರಲ್ಲ, ವೈದ್ಯರಲ್ಲ, ಧರ್ಮೋಪದೇಶಕರೂ ಅಲ್ಲ. ಸೆರೆಯಾಳಿನ ಕಡತ ಇವರ ವಶದಲ್ಲಿರುತ್ತದೆ. ಅಲ್ಲಿಯ ಕೇಂದ್ರ ಸರಕಾರದ ಸೆರೆಮನೆಗಳಲ್ಲಿ ಹೊಸಬನು ಬಂದ ೨೮ ದಿನಗಳೊಳಗೆ ಅವನ ಪೂರ್ವಾಪರಗಳನ್ನು ವಿಚಾರಿಸಿ ವರ್ಗೀಕರಿಸಬೇಕು; ಆಮೇಲೆ ೧೮೦ ದಿನಗಳಿಗೊಮ್ಮೆಯಾದರೂ, ಬಿಡುಗಡೆಗೆ ಒಂದು ವರ್ಷ ಉಳಿದಾಗಿನಿಂದ ೯೦ ದಿನಗಳಿಗೊಮ್ಮೆಯಾದರೂ ಅವನ ನಡತೆಯನ್ನು ಪರಿಶೀಲಿಸಬೇಕೆಂಬ ನಿಯಮವಿದೆ. ಓದು ಬಾರದವನನ್ನು ಪಾಠಕ್ಕೆ ಹಚ್ಚುವುದು, ವ್ಯಸನಿಯನ್ನು ಚಿಕಿತ್ಸೆಗೆ ಸೇರಿಸುವುದು, ಹೊರಬಿದ್ದ ಮೇಲೆ ತಲೆಯೂರಲು ನೆಲೆಯುಂಟೆ ಎಂದು ವಿಚಾರಿಸುವುದು, ಜನನಪತ್ರವನ್ನೂ ಗುರುತಿನ ಚೀಟಿಯನ್ನೂ ದೊರಕಿಸುವುದು ಇವೆಲ್ಲ ಇದರಲ್ಲಿ ಅಡಕ. ಗುರುತಿನ ಚೀಟಿ ನಮಗೆ ಅಲ್ಪ ಸಂಗತಿಯಾಗಿ ತೋರಬಹುದು. ಅದಿಲ್ಲದವನಿಗೆ ಬಾಡಿಗೆಯ ಕೋಣೆಯೂ ಕೂಲಿಯೂ ದುರ್ಲಭ. ಆ ದೇಶದ ಸಂಸ್ಥಾನಗಳ ಸೆರೆಮನೆಗಳಲ್ಲಿರುವವರ ಪೈಕಿ ನೂರಕ್ಕೆ ೯೫ ಮಂದಿಯಾದರೂ ಒಂದಲ್ಲ ಒಂದು ದಿನ ಹೊರಬಂದು ನೆರೆಹೊರೆಯವರಾಗತಕ್ಕವರು.

೨೦೧೮ರ ಫಸ್ಟ್ ಸ್ಟೆಪ್ ಆಕ್ಟ್ ಎಂಬ ಶಾಸನದ ತರುವಾಯ ಅಲ್ಲಿಯ ಕೇಂದ್ರ ಸೆರೆಮನೆಗಳಿಗೆ ಪ್ಯಾಟರ್ನ್ ಎಂಬ ಅಂಕಗಣನೆ ಬಂದಿತು. ಮತ್ತೆ ಅಪರಾಧಕ್ಕಿಳಿಯುವ ಸಂಭವ ಎಷ್ಟೆಂಬುದನ್ನು ಎಣಿಸಿ ಪ್ರತಿಯೊಬ್ಬನನ್ನೂ ನಾಲ್ಕು ದರ್ಜೆಗಳಲ್ಲೊಂದರಲ್ಲಿ ಇರಿಸುತ್ತಾರೆ. ಇದರಲ್ಲಿ ಹಿಂದಿನ ಅಪರಾಧಗಳಿಗೆ ಅಂಕವುಂಟು. ಅವನ್ನು ಅಳಿಸಲು ಯಾರಿಗೂ ಬಾರದು. ಸೆರೆಯೊಳಗಿನ ನಡತೆಗೂ ಕಲಿಕೆಗೂ ಅಂಕವುಂಟು. ಇವು ಅವನ ಕೈಯಲ್ಲಿವೆ. ನಿಗದಿಯಾದ ಶಿಕ್ಷಣಕ್ರಮಗಳಲ್ಲಿ ೩೦ ದಿನ ತೊಡಗಿದರೆ, ಕಾನೂನು ಹೊರತುಪಡಿಸದ ಅಪರಾಧಗಳವರಿಗೆ ೧೦ ದಿನಗಳ ಗಳಿಕೆ. ಕೆಳಗಿನ ದರ್ಜೆಗಳಲ್ಲಿ ಸ್ಥಿರವಾಗಿ ನಿಂತವರಿಗೆ ಇನ್ನೂ ೫ ದಿನ. ತಂದೆಯೊಬ್ಬನು ಮನೆಯ ಹೊಸ್ತಿಲು ಮೆಟ್ಟುವ ದಿನ ಕೂಡುಕಳೆಯುವ ಲೆಕ್ಕದಲ್ಲಿ ಹಿಂದೆ ಮುಂದೆ ಸರಿಯುತ್ತದೆ.

ಮನುಷ್ಯನನ್ನು ಅಂಕಿಯಿಂದ ಅಳೆಯುವುದೇ ಅಧರ್ಮವೆಂದು ಕೆಲವರು ಥಟ್ಟನೆ ಹೇಳಿಯಾರು. ನನಗೆ ಹಾಗೆ ತೋರುವುದಿಲ್ಲ. ಅಂಕಿಯಿಲ್ಲದ ಕಡೆ ಅಧಿಕಾರಿಯ ಮುಖದಾಕ್ಷಿಣ್ಯವೂ ದ್ವೇಷವೂ ಆಳುತ್ತವೆ. ಅವುಗಳಿಗಿಂತ ಅಂಕಿಯೇ ಲೇಸು. ದೋಷವಿರುವುದು ಅಂಕಿಯನ್ನು ಓದುವ ರೀತಿಯಲ್ಲಿ. ಇಂತಹ ನೂರು ಮಂದಿಯಲ್ಲಿ ಇಷ್ಟು ಮಂದಿ ಮರಳಿ ತಪ್ಪಿದರು ಎಂದಷ್ಟೇ ಅದು ಹೇಳಬಲ್ಲದು. ಎದುರಿಗೆ ಕುಳಿತ ಈತನು ಆ ತಪ್ಪಿದವರಲ್ಲಿ ಒಬ್ಬನೋ ಉಳಿದವರಲ್ಲಿ ಒಬ್ಬನೋ ಎಂಬುದನ್ನು ಹೇಳಲಾರದು.

ಈ ಕೆಲಸದ ಮೂಲವನ್ನು ಅರಸಿದರೆ ನಾವು ಬಾಸ್ಟನ್ ನಗರದ ಒಬ್ಬ ಪಾದರಕ್ಷೆ ಹೊಲಿಯುವವನಲ್ಲಿಗೆ ಬರುತ್ತೇವೆ. ಹರಳಯ್ಯನವರನ್ನು ನೆನೆಯುವ ನಮಗೆ ಆ ಕಾಯಕ ಹೊಸದಲ್ಲ. ಜಾನ್ ಆಗಸ್ಟಸ್ ಎಂಬ ಆತನು ೧೮೪೧ರಲ್ಲಿ ಪೋಲೀಸ್ ನ್ಯಾಯಾಲಯದಲ್ಲಿ ಕುಳಿತಿದ್ದಾಗ ಕುಡುಕನೆಂಬ ಆಪಾದನೆಗೆ ಗುರಿಯಾದ ಒಬ್ಬನನ್ನು ಎಳೆತಂದರು. ಆಗಸ್ಟಸನು ಅವನೊಡನೆ ನಾಲ್ಕು ಮಾತನಾಡಿ, ಜಾಮೀನು ನಿಂತು ಬಿಡಿಸಿಕೊಂಡು ಹೋದನು. ಮೂರು ವಾರಗಳ ತರುವಾಯ ಮರಳಿ ಬಂದವನ ಚಹರೆಯೇ ಬೇರೆಯಾಗಿತ್ತು. ನ್ಯಾಯಾಧೀಶರು ನ್ಯಾಯಾಲಯದ ವೆಚ್ಚದ ಜೊತೆಗೆ ಒಂದು ಸೆಂಟಿನಷ್ಟು ದಂಡ ವಿಧಿಸಿ ಬಿಟ್ಟರು. ಹೀಗೆ ೧೮೫೮ರ ವರೆಗೆ ಆತನು ೧೯೪೬ ಮಂದಿಗೆ ಜಾಮೀನಾದನು. ತಮ್ಮ ಶುಲ್ಕ ತಪ್ಪಿತೆಂದು ನ್ಯಾಯಾಲಯದ ಸಿಬ್ಬಂದಿ ಮುನಿದರು. ಅಂಗಡಿಯ ವ್ಯಾಪಾರವೂ ಸೊರಗಿತು. ಆತನ ಮರಣಾನಂತರ, ೧೮೭೮ರಲ್ಲಿ, ಮ್ಯಾಸಚೂಸೆಟ್ಸ್ ಸಂಸ್ಥಾನವು ಇದನ್ನೇ ಶಾಸನವಾಗಿಸಿ ಸಂಬಳದ ಅಧಿಕಾರಿಯ ನೇಮಕಕ್ಕೆ ಅವಕಾಶ ಕಲ್ಪಿಸಿತು.

ಗಮನಿಸತಕ್ಕ ಸಂಗತಿಯೊಂದಿದೆ. ಆಗಸ್ಟಸನು ಕಂಡಕಂಡವರಿಗೆಲ್ಲ ಜಾಮೀನಾಗಲಿಲ್ಲ. ಹಿಂದಿನ ನಡತೆ, ವಯಸ್ಸು, ಮುಂದೆ ಒದಗುವ ಸಹವಾಸ ಇವನ್ನು ತೂಗಿ ನೋಡಿ ಆಯ್ದುಕೊಳ್ಳುತ್ತಿದ್ದನು. ಪ್ರತಿಯೊಬ್ಬನ ವಿಷಯವನ್ನೂ ಬರೆದಿಡುತ್ತಿದ್ದನು. ದಯೆಯೂ ದಾಖಲೆಯೂ ಆ ಒಂದೇ ಕೈಯಲ್ಲಿದ್ದವು. ಆದರೆ ಆತನ ಕೈಯಲ್ಲಿ ಬೀಗದ ಕೈ ಇರಲಿಲ್ಲ. ಇಂದಿನ ಅಧಿಕಾರಿಗೆ ಸಂಬಳ ಕೊಡುವುದು ಸೆರೆಮನೆ. ಸಂಕಟ ಹೇಳಿಕೊಳ್ಳುವವನು ಸೆರೆಯಾಳು. ಒಂದು ದಿನ ಅವನು ನಂಬಿ, ಕಣ್ಣೀರಿಟ್ಟು, ತಾನು ಮತ್ತೆ ಮಾದಕ ವಸ್ತುವನ್ನು ಮುಟ್ಟಿದೆನೆಂದು ಹೇಳಿಬಿಟ್ಟನೆನ್ನಿರಿ. ವರದಿ ಮಾಡಿದರೆ ಗಳಿಸಿದ ದಿನಗಳು ಕಳೆದುಹೋಗಬಹುದು, ನಂಬಿಕೆಯಂತೂ ಹೋಯಿತು. ಮಾಡದಿದ್ದರೆ ಅದೇ ವಿಷ ಪಕ್ಕದ ಕೋಣೆಯವನನ್ನು ಕೊಂದೀತು.

ಇಲ್ಲಿ ಮುಚ್ಚಿಡುವುದು ದಯೆಯಲ್ಲವೆಂದೇ ನನ್ನ ಅಭಿಪ್ರಾಯ. ಆದರೆ ಆ ದಿನ ಬರುವುದಕ್ಕೆ ಮುಂಚೆಯೇ, ಮೊದಲ ಭೇಟಿಯಲ್ಲಿಯೇ, ‘ನೀನು ಹೇಳುವುದರಲ್ಲಿ ಇಂತಿಂತಹುದನ್ನು ನಾನು ಗುಟ್ಟಾಗಿಡಲಾರೆ’ ಎಂದು ತಿಳಿಸದವರು ಅವನಿಗೆ ಮೋಸ ಮಾಡಿದಂತಾಯಿತು. ಇನ್ನು ಬರೆಯುವ ಮಾತು. ‘ದುಷ್ಟ ಸ್ವಭಾವದವನು’ ಎಂದು ಒಂದು ಸಾಲು ಗೀಚುವುದು ಸುಲಭ. ಆ ಸಾಲು ಊರಿಂದೂರಿಗೆ, ಸೆರೆಯಿಂದ ಸೆರೆಗೆ ಅವನ ಬೆನ್ನು ಹತ್ತುತ್ತದೆ. ಇಂತಹ ದಿನ ಊಟದ ಸಾಲಿನಲ್ಲಿ ಜಗಳವಾಡಿದನು, ಮರುವಾರ ತಾನಾಗಿ ಕ್ಷಮೆ ಕೇಳಿದನು ಎಂದು ಬರೆಯಲು ನಿಂತು ನೋಡುವ ತಾಳ್ಮೆ ಬೇಕು, ಕಡತಗಳ ರಾಶಿ ಮೇಜಿನ ಮೇಲಿರುವಾಗ ಮತ್ತೂ ಬೇಕು. ಪರಿಶೀಲನೆಯ ವರದಿಯ ಪ್ರತಿಯೊಂದು ಸೆರೆಯಾಳಿನ ಕೈಗೂ ಸೇರುತ್ತದೆ. ರಾತ್ರಿ ತನ್ನ ಮಂಚದ ಮೇಲೆ ಕುಳಿತು ಅವನು ಅದನ್ನು ಓದುತ್ತಾನೆ. ಓದು ಬಾರದಿದ್ದರೆ ಬೇರೊಬ್ಬನಿಂದ ಓದಿಸಿ ಕೇಳುತ್ತಾನೆ.