ಅಂಪೈರ್ ಕೊಡಲಿಲ್ಲ, ನಾನೇನು ಮಾಡಲಿ?

ಕೆ.ಆರ್. ಪೇಟೆ ತಾಲೂಕಿನ ಶೀಳನೆರೆಯಲ್ಲಿ ಬೇಸಿಗೆಯ ಒಂದು ಭಾನುವಾರ ಟೆನಿಸ್ ಬಾಲ್ ಕ್ರಿಕೆಟ್ ನಡೆದಿತ್ತು. ಕೊಯ್ಲು ಮುಗಿದ ಗದ್ದೆಯೇ ಮೈದಾನ. ಇಂಥ ಪಂದ್ಯಗಳಲ್ಲಿ ಬ್ಯಾಟ್ ಮಾಡುವ ತಂಡದ ಹುಡುಗನೇ ಅಂಪೈರ್ ಆಗಿ ನಿಲ್ಲುವುದುಂಟು. ಗೆಲ್ಲಲು ಮೂರು ರನ್ ಬೇಕಿತ್ತು, ಉಳಿದದ್ದು ಒಂದೇ ವಿಕೆಟ್. ಚೆಂಡು ಬ್ಯಾಟಿನ ಅಂಚು ಸವರಿ ಕೀಪರ್ ಕೈ ಸೇರಿತು. ಪಕ್ಕದೂರಿನ ಹುಡುಗರು ಒಟ್ಟಿಗೆ ಕೂಗಿದರು. ಅಂಪೈರ್ ಬೆರಳೆತ್ತಲಿಲ್ಲ. ಮುಂದಿನ ಚೆಂಡು ಬೌಂಡರಿ. ಒಂದಷ್ಟು ಮಾತಿಗೆ ಮಾತು ಬೆಳೆದು, ಕೊನೆಗೆ ಸೋತವರು ಬೈಕ್ ಹತ್ತಿ ಹೊರಟುಹೋದರು. ಸಂಜೆ ಟೀ ಅಂಗಡಿಯಲ್ಲಿ ಗೆದ್ದ ಬ್ಯಾಟ್ಸ್‌ಮನ್ ನಗುತ್ತಾ ಹೇಳಿದ: "ತಾಗಿದ್ದು ದಿಟ ಕಣಣ್ಣ. ಅಂಪೈರು ಕೊಡ್ನಿಲ್ಲ, ನಾನೇನ್ ಮಾಡ್ಲಿ?"

ಎಲ್ಲರೂ ನಕ್ಕರು. ನಾನೂ ನಕ್ಕೆ. ಆದರೆ ಆ ಪ್ರಶ್ನೆ ಮನೆಗೆ ಬಂದ ಮೇಲೂ ಬಿಡಲಿಲ್ಲ. ತೀರ್ಪು ನನ್ನ ಪರವಾಗಿ ಬಂದ ಮಾತ್ರಕ್ಕೆ, ನನ್ನದಲ್ಲದ್ದು ನನ್ನದಾಗುತ್ತದೆಯೇ?

2008ರ ಜನವರಿಯ ಸಿಡ್ನಿ ಟೆಸ್ಟನ್ನು ನಮ್ಮವರು ಇನ್ನೂ ಮರೆತಿಲ್ಲ. ನಾಯಕ ನಮ್ಮ ಅನಿಲ್ ಕುಂಬ್ಳೆ. ರಾಹುಲ್ ದ್ರಾವಿಡ್‌ರ ಬ್ಯಾಟಿಗೆ ತಾಗದೆ ಪ್ಯಾಡಿಗೆ ಬಡಿದ ಚೆಂಡಿಗೆ ಅಂಪೈರ್ ಸ್ಟೀವ್ ಬಕ್ನರ್ ಔಟ್ ಕೊಟ್ಟರು. ಅದಕ್ಕೂ ಮೊದಲು, 30 ರನ್ ಗಳಿಸಿದ್ದ ಆಂಡ್ರೂ ಸೈಮಂಡ್ಸ್ ಬ್ಯಾಟಿಗೆ ತಾಗಿದ ಚೆಂಡನ್ನು ಧೋನಿ ಹಿಡಿದಾಗ ಔಟ್ ಕೊಟ್ಟಿರಲಿಲ್ಲ. ಸೈಮಂಡ್ಸ್ ಅಜೇಯ 162 ಹೊಡೆದರು, ಭಾರತ 122 ರನ್‌ಗಳಿಂದ ಸೋತಿತು. ಆ ತೀರ್ಪುಗಳ ಚರ್ಚೆ ಹೆಚ್ಚಾಗಿ ಬಕ್ನರ್ ಸುತ್ತ ನಡೆಯಿತು. ಪರ್ತ್‌ನ ಮುಂದಿನ ಟೆಸ್ಟ್‌ನಿಂದ ಅವರನ್ನು ಕೈಬಿಡಲಾಯಿತು. ಆದರೆ ಒಂದು ವಿಷಯವನ್ನು ಅಷ್ಟಾಗಿ ಯಾರೂ ಚರ್ಚಿಸಲಿಲ್ಲ. ಬಕ್ನರ್‌ಗೆ ಸತ್ಯ ಗೊತ್ತಿರಲಿಲ್ಲ. ಸೈಮಂಡ್ಸ್‌ಗೆ ಗೊತ್ತಿತ್ತು. ತಾನು ಔಟಾಗಿದ್ದೆನೆಂದು ಆ ದಿನದ ಆಟ ಮುಗಿದ ಮೇಲೆ ಅವರೇ ಒಪ್ಪಿಕೊಂಡರು.

ಗೊತ್ತಿಲ್ಲದೆ ತಪ್ಪಿದವನಿಗೂ ಗೊತ್ತಿದ್ದು ಸುಮ್ಮನಿದ್ದವನಿಗೂ ವ್ಯತ್ಯಾಸವಿದೆ. ನ್ಯಾಯಾಧೀಶನು ಪ್ರಾಮಾಣಿಕವಾಗಿ ಶ್ರಮಿಸಿ ತಪ್ಪಿದರೂ ಅವನಿಗೆ ಒಂದು ಪುಣ್ಯವಿದೆ, ಸರಿಯಾದರೆ ಎರಡು ಎಂದು ಪ್ರವಾದಿ(ಸ) ಹೇಳಿದ್ದಾರೆ. ಆದರೆ ಕಕ್ಷಿದಾರನಿಗೆ ಈ ರಿಯಾಯಿತಿ ಇಲ್ಲ. ಉಮ್ಮು ಸಲಮಾ(ರ) ವರದಿ ಮಾಡಿದ, ಬುಖಾರಿ ಮತ್ತು ಮುಸ್ಲಿಮ್ ಸಂಗ್ರಹಗಳಲ್ಲಿರುವ ಹದೀಸ್‌ನ ಸಾರ ಇದು: ನಾನೂ ಮನುಷ್ಯನೇ, ನಿಮ್ಮಲ್ಲೊಬ್ಬ ವಾದದಲ್ಲಿ ಚತುರನಾಗಿರಬಹುದು, ಕೇಳಿದ್ದರ ಮೇಲೆ ನಾನು ತೀರ್ಪು ಕೊಡುತ್ತೇನೆ, ಹಾಗೆ ಸಹೋದರನ ಹಕ್ಕು ಯಾರಿಗಾದರೂ ಸಿಕ್ಕಿದರೆ ಅದು ಬೆಂಕಿಯ ತುಂಡು. ಯೋಚಿಸಿ ನೋಡಿ. ತೀರ್ಪು ಕೊಡುವವರು ಸ್ವತಃ ಪ್ರವಾದಿ(ಸ). ಆದರೂ ಆ ತೀರ್ಪು ಜಗಳವನ್ನು ಮುಗಿಸುತ್ತದೆಯೇ ಹೊರತು ಹರಾಮನ್ನು ಹಲಾಲ್ ಮಾಡುವುದಿಲ್ಲ. ಅಬೂದಾವೂದ್ ಸಂಗ್ರಹದ ಪ್ರಕಾರ, ಸಾಕ್ಷಿಯಿಲ್ಲದ ಆಸ್ತಿ ಜಗಳ ತಂದಿದ್ದ ಇಬ್ಬರು ಈ ಮಾತು ಕೇಳಿ ಅತ್ತರು. ನನ್ನ ಹಕ್ಕು ನಿನಗೇ ಇರಲಿ ಎಂದು ಪರಸ್ಪರ ಹೇಳಿಕೊಂಡರು. ಗದ್ದೆಯ ಬದು ಒತ್ತಿ, ಸುಳ್ಳು ಸಾಕ್ಷಿಯಿಂದ ಕೋರ್ಟಿನಲ್ಲಿ ಗೆದ್ದು, ಊರಿಗೆ ಸಿಹಿ ಹಂಚುವವರನ್ನು ನಾವೆಲ್ಲ ಕಂಡಿದ್ದೇವೆ.

ಇದಕ್ಕೆ ಆಟಗಾರರ ಬಳಿ ಒಂದು ಉತ್ತರವಿದೆ. ಔಟಾಗದಿದ್ದಾಗಲೂ ನನ್ನನ್ನು ಕಳುಹಿಸಿದ್ದಾರೆ, ಇವತ್ತು ಲೆಕ್ಕ ಸರಿಹೋಯಿತು ಎಂಬುದು. ಕೇಳಲು ನ್ಯಾಯವೆನಿಸುತ್ತದೆ. ಆದರೆ ಅಂದು ನಿನ್ನ ನಷ್ಟದಿಂದ ಗೆದ್ದವರು ಬೇರೆ, ಇಂದು ಕಳೆದುಕೊಳ್ಳುವವರು ಬೇರೆ. ಒಬ್ಬನ ಸಾಲವನ್ನು ಇನ್ನೊಬ್ಬನಿಂದ ವಸೂಲಿ ಮಾಡುವ ಲೆಕ್ಕ ಇದು.

ಭದ್ರಾವತಿಯ ಗುಂಡಪ್ಪ ವಿಶ್ವನಾಥ್ ಈ ಲೆಕ್ಕ ಹಾಕಲಿಲ್ಲ. 1980ರ ಫೆಬ್ರವರಿಯಲ್ಲಿ ಮುಂಬೈಯ ವಾಂಖೆಡೆಯಲ್ಲಿ ಭಾರತದ 242ಕ್ಕೆ ಉತ್ತರವಾಗಿ ಇಂಗ್ಲೆಂಡ್ 58ಕ್ಕೆ ಐದು ವಿಕೆಟ್ ಕಳೆದುಕೊಂಡಿತ್ತು. ಬಾಬ್ ಟೇಲರ್ ಕೀಪರ್‌ಗೆ ಕ್ಯಾಚಿತ್ತರೆಂದು ಅಂಪೈರ್ ಬೆರಳೆತ್ತಿದರು. ಟೇಲರ್‌ಗೆ ಚೆಂಡು ತಾಗಿಲ್ಲವೆಂದು ಮನವರಿಕೆಯಾದ ನಾಯಕ ವಿಶ್ವನಾಥ್, ಅಂಪೈರ್ ಜೊತೆ ಮಾತಾಡಿ ಅವರನ್ನು ವಾಪಸು ಕರೆಸಿದರು. ಟೇಲರ್ ಮತ್ತು ಬೋಥಮ್ 171 ರನ್ ಸೇರಿಸಿದರು. ಇಂಗ್ಲೆಂಡ್ ಹತ್ತು ವಿಕೆಟ್‌ಗಳಿಂದ ಗೆದ್ದಿತು. ವಿಶ್ವನಾಥ್ ಮುಂದೆ ಯಾವ ಟೆಸ್ಟ್‌ನಲ್ಲೂ ನಾಯಕರಾಗಲಿಲ್ಲ. ಅದಕ್ಕೆ ಇದೇ ಕಾರಣವೆಂದು ನಾನು ಹೇಳುತ್ತಿಲ್ಲ.

ತಂಡದ ವಿಕೆಟನ್ನು ದಾನ ಮಾಡಲು ಅವರಿಗೇನು ಅಧಿಕಾರ ಎಂದು ಈಗಲೂ ಕೇಳುವವರಿದ್ದಾರೆ. ಪ್ರಶ್ನೆ ಕಡೆಗಣಿಸುವಂಥದ್ದಲ್ಲ, ನಾಯಕನಾದವನು ಹನ್ನೊಂದು ಜನರ ಶ್ರಮಕ್ಕೆ ಹೊಣೆ. ಆದರೆ ತಂಡದ್ದಾಗಿದ್ದರಲ್ಲವೇ ದಾನದ ಮಾತು? ಆ ವಿಕೆಟ್ ತಂಡದ್ದೇ ಆಗಿರಲಿಲ್ಲ.

ನಮ್ಮ ಅಭಿಮಾನಿಗಳ ವಿಷಯ ಇದಕ್ಕಿಂತ ಕಷ್ಟದ್ದು. 2008ರಲ್ಲೇ ಶ್ರೀಲಂಕಾದಲ್ಲಿ ತೀರ್ಪು ಮರುಪರಿಶೀಲನೆಯ ಪ್ರಯೋಗ ಆರಂಭವಾಯಿತು. ಯಂತ್ರ ಬಂದ ಮೇಲೂ ವಾದ ನಿಂತಿಲ್ಲ, ಯಾಕೆಂದರೆ ವಾದ ಚೆಂಡಿನದ್ದಾಗಿರಲೇ ಇಲ್ಲ. ಅಳೆದು ಪಡೆಯುವಾಗ ಪೂರ್ತಿ ಪಡೆದು, ಕೊಡುವಾಗ ಕಡಿಮೆ ಕೊಡುವವರ ಬಗ್ಗೆ ಕುರ್‌ಆನಿನಲ್ಲಿ ಒಂದು ಅಧ್ಯಾಯವೇ ಇದೆ, ಅಲ್ ಮುತಫ್ಫಿಫೀನ್. ಸೈಮಂಡ್ಸ್ ನಿಂತಾಗ ಮೋಸ, ನಮ್ಮ ಹುಡುಗ ನಿಂತಾಗ ಜಾಣತನ. ಅಂದು ಟೀ ಅಂಗಡಿಯಲ್ಲಿ ನಕ್ಕ ನನ್ನ ಕೈಯಲ್ಲೂ ಇದೇ ತಕ್ಕಡಿ ಇತ್ತು.

ನಗದೆ ಕೂತಿದ್ದವರು ಒಬ್ಬರೇ, ಅಂಗಡಿಯ ಮೂಲೆಯಲ್ಲಿ ಬೀಡಿ ಸೇದುತ್ತಿದ್ದ ಅಜ್ಜ. ಕ್ರಿಕೆಟ್ ಅವರಿಗೆ ಅಷ್ಟಾಗಿ ಗೊತ್ತಿಲ್ಲ. "ತಾಗಿತ್ತು ಅಂತ ನಮ್ಗೆ ಹೇಳ್ದಲ್ಲ ಮಗ, ಆ ಊರಿನ ಹೈಕ್ಳು ಸಂತೇಲಿ ಸಿಕ್ಕುದ್ರೆ ಅವ್ರಿಗೂ ಹೇಳ್ತೀಯಾ?" ಎಂದರು. ಹುಡುಗ ಟೀ ಲೋಟ ಕೆಳಗಿಟ್ಟು, ಗೆದ್ದ ಕಪ್ಪನ್ನು ಇನ್ನೊಬ್ಬನ ಕೈಗೆ ಕೊಟ್ಟು, ದುಡ್ಡು ಎಣಿಸತೊಡಗಿದ.